ಯಾರ ಕಡೆಯ ರಕ್ತ

ಕೃಷ್ಣಮ್ಮನಿಗೆ ಹೇಸಿಗೆ ಜಾಸ್ತಿ ಎಂದು ಊರಲ್ಲೆಲ್ಲ ಮಾತು. ಬಾಡಿಗೆ ಮನೆಯ ಹುಡುಗರು ಮೋರಿಗೆ ಅನ್ನ ಚೆಲ್ಲಿದರೆ ಮೂಗು ಮುರಿಯುತ್ತಾಳೆ, ಲೋಟ ಕಚ್ಚಿ ಕುಡಿಯುವ ನೆಂಟರು ಬಂದುಹೋದರೆ ಆ ಲೋಟವನ್ನು ಮತ್ತೆ ಮತ್ತೆ ತಿಕ್ಕುತ್ತಾಳೆ, ನಿಜ. ಆದರೆ ಕೀವು, ರಕ್ತ, ಸಗಣಿ, ಗಂಜಲ ಇವಕ್ಕೆಲ್ಲ ಅವಳು ಯಾವತ್ತೂ ಹೇಸಿದವಳಲ್ಲ. ಅವಳಿಗೆ ವಾಕರಿಕೆ ತರಿಸುವುದು ಮನುಷ್ಯರ ಬಾಯಿ. ಕಂಡವರ ಮನೆಯ ಕಾಯಿಲೆಯನ್ನು ಎಲೆ ಅಡಿಕೆಯ ಹಾಗೆ ಜಗಿಯುವವರು ಸಿಕ್ಕಿದರೆ ಅವಳು ಸೀರೆ ಕೊಡವಿಕೊಂಡು ಎದ್ದು ಹೋಗುತ್ತಾಳೆ. ನನ್ನನ್ನು ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಅವಳ ಊರು ಜಿಗಣಿಯ ಫ್ಯಾಕ್ಟರಿಗಳಿಗೆ ಅಂಟಿಕೊಂಡಂತೆ ಇದೆ. ರಾಗಿ ಬೆಳೆಯುತ್ತಿದ್ದ ಹೊಲ ಬಹುಪಾಲು ಸರ್ಕಾರಕ್ಕೆ ಹೋಗಿ, ಈಗ ಅಲ್ಲಿ ಕಲ್ಲು ಕುಯ್ಯುವ, ಮಾತ್ರೆ ಮಾಡುವ, ನಟ್ಟು ಬೋಲ್ಟು ಹಾಕುವ ಶೆಡ್ಡುಗಳು ಎದ್ದಿವೆ. ಉಳಿದ ಜಾಗದಲ್ಲಿ ಅವಳ ಗಂಡ ವೆಂಕಟೇಶಪ್ಪ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾನೆ. ಹಿತ್ತಿಲಲ್ಲಿ ಎರಡು ಸೀಮೆಹಸು. ಕೃಷ್ಣಮ್ಮ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು, ಬಾಡಿಗೆಯವರ ನೀರಿನ ಜಗಳ ಬಿಡಿಸಿ, ಆಮೇಲೆ ಒಲೆ ಹಚ್ಚುವವಳು. ಹದಿನೆಂಟಕ್ಕೆ ಚಂದಾಪುರದ ಆಚೆಯ ಊರಿನಿಂದ ಸೊಸೆಯಾಗಿ ಬಂದಳು. ಕಳಿಸಿಕೊಡುವಾಗ ಅವಳ ತಾಯಿ, "ಕೊಟ್ಟ ಎಣ್ಣು ಕುಲಕ್ಕೆ ಒರಗು ಕಣವ್ವಾ, ಇನ್ಮ್ಯಾಕೆ ಅದೇ ನಿನ್ನ ಮನೆ," ಅಂದಿದ್ದಳು. ಆ ಮಾತನ್ನು ಕೃಷ್ಣಮ್ಮ ಪಾಲಿಸಿದಳು. ತವರಿನಲ್ಲಿ ಈಗ ತಮ್ಮ ಈಶಪ್ಪನ ಸಂಸಾರವಿದೆ. ಅವನ ಮಗಳು ಮಂಜುಶ್ರೀಯ ಹೆಸರನ್ನು ಕೃಷ್ಣಮ್ಮನೇ ಇಟ್ಟದ್ದು, ತನ್ನ ಮಗಳು ದೀಪಶ್ರೀಗೆ ಜೋಡಿಯಾಗಲಿ ಎಂದು. ಆದರೆ ಹಬ್ಬಕ್ಕೆ ಒಂದು ಸಲ ಹೋಗಿ ಬರುವುದು ಬಿಟ್ಟರೆ ಆ ಕಡೆ ತಲೆ ಹಾಕುವುದಿಲ್ಲ.

ಈ ಸುತ್ತಿನ ಊರುಗಳಲ್ಲಿ ಮದುವೆಗೆ ಮುಂಚೆ ಮನೆತನ ವಿಚಾರಿಸುವುದು ಎಂದು ಒಂದು ಪದ್ಧತಿಯಿದೆ. ಜಾತಕ ಕೂಡಿದರೆ ಸಾಲದು. ಗಂಡಿನ ಕಡೆಯ ಹಿರಿಯನೊಬ್ಬ ಹೆಣ್ಣಿನ ಊರಿಗೆ, ಹೆಣ್ಣಿನ ಕಡೆಯವನಾದರೆ ಗಂಡಿನ ಊರಿಗೆ ಬಂದು, ಡೈರಿ ಕಟ್ಟೆಯ ಮೇಲೋ ಕ್ಷೌರದಂಗಡಿಯ ಬೆಂಚಿನ ಮೇಲೋ ಕೂತು, ಆ ಮನೆಯಲ್ಲಿ ಯಾರಿಗಾದರೂ ತೊನ್ನು ಇದೆಯಾ, ಮೂರ್ಛೆ ಬರುತ್ತಾ, ತಲೆ ಕೆಟ್ಟವರು ಇದ್ದಾರಾ ಎಂದು ಮೆಲ್ಲಗೆ ಕೇಳುತ್ತಾನೆ. ಊರವರು ಬೀಡಿ ಸೇದುತ್ತಾ ಹೇಳುತ್ತಾರೆ. ಇದ್ದದ್ದಕ್ಕೆ ಇಲ್ಲದ್ದನ್ನೂ ಸೇರಿಸುತ್ತಾರೆ. ಒಂದು ಹೆಣ್ಣಿನ ಬಾಳು ಅಲ್ಲಿ, ಆ ಬೆಂಚಿನ ಮೇಲೆ, ಆಗುತ್ತದೆ ಇಲ್ಲ ಹೋಗುತ್ತದೆ. ಎಲ್ಲರ ಮನೆ ದೋಸೆಯೂ ತೂತೇ ಎಂದು ಬಾಯಲ್ಲಿ ಹೇಳುವ ಜನ, ಪಕ್ಕದ ಮನೆಯ ದೋಸೆಯನ್ನು ಬೆಳಕಿಗೆ ಹಿಡಿದು ತೂತು ಎಣಿಸುವುದನ್ನು ಮಾತ್ರ ಬಿಟ್ಟಿಲ್ಲ.

ಈ ಬೆಂಚಿಗೆ ಹೆದರಿಯೇ ಕೃಷ್ಣಮ್ಮನ ಅತ್ತೆ ರುದ್ರಮ್ಮ ಸತ್ತದ್ದು. ಕೃಷ್ಣಮ್ಮ ಬಂದ ಹೊಸದರಲ್ಲಿ ಅತ್ತೆಯ ಎದೆಯಲ್ಲಿ ಗಡ್ಡೆ ಎದ್ದಿತು. ಅದು ಒಡೆದು ಹುಣ್ಣಾಯಿತು. ಆಸ್ಪತ್ರೆಗೆ ಹೋದರೆ ಊರಿಗೆ ತಿಳಿಯುತ್ತದೆ ಎಂದು ರುದ್ರಮ್ಮ ಕೊಟ್ಟಿಗೆ ಪಕ್ಕದ ಕೋಣೆ ಸೇರಿದಳು. ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ಆ ಹುಣ್ಣು ತೊಳೆದು, ಹಳೆ ಪಂಚೆ ಹರಿದು ಕಟ್ಟಿ, ಕೀವಾದ ಬಟ್ಟೆಯನ್ನು ಯಾರೂ ಏಳುವ ಮೊದಲೇ ಸುಟ್ಟು ಹಾಕುತ್ತಿದ್ದವಳು ಕೃಷ್ಣಮ್ಮ. ಮನೆಯ ಗಂಡಸರ ಹತ್ತಿರ ಜ್ವರ ಎಂದು ಹೇಳಿದ್ದರು. ಗಂಡಸರು ಬಾಗಿಲಲ್ಲೇ ನಿಂತು ಜ್ವರ ಇಳಿಯಿತಾ ಎಂದು ಕೇಳಿ ಹೋಗುತ್ತಿದ್ದರು.

"ಬಾಯ್ ಬಿಡ್‌ಬ್ಯಾಡ ಕಣೆ," ಅಂದಿದ್ದಳು ರುದ್ರಮ್ಮ. "ನಮ್ ಮುನಿಯಂಗೆ ಇನ್ನೂ ಮದ್ವೆ ಆಗಿಲ್ಲ. ಗೊತ್ತಾದ್ರೆ ಯಾರೂ ಎಣ್ಣು ಕೊಡಲ್ಲ. ನನ್ ಮ್ಯಾಲೆ ಆಣೆ."

ಕೃಷ್ಣಮ್ಮ ಬಾಯಿ ಬಿಡಲಿಲ್ಲ. ಮೈದುನ ಮುನಿಯನಿಗೆ ಮದುವೆಯಾಯಿತು. ಅವನು ಬೆಳೆದು ಮುನಿಯಣ್ಣನಾದ, ಪಂಚಾಯ್ತಿ ಮೆಂಬರಾದ, ಸೋತು ಮಾಜಿ ಮೆಂಬರಾದ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಆ ಜಾತಿ. ಯಾರ ಮನೆಯಲ್ಲಿ ಸಾವಾಗಲಿ, ನೋವಾಗಲಿ, ಬಿಳಿ ಅಂಗಿ ತೊಟ್ಟು ಅವನು ಮುಂದೆ. ಊರಲ್ಲಿ ಮೊಟ್ಟಮೊದಲು ಮೊಬೈಲು ಕಂಡವನು ಅವನೇ ಆದ್ದರಿಂದ ಇಡೀ ಕುಟುಂಬದ ರೇಷನ್ ಕಾರ್ಡಿಗೆ, ಗ್ಯಾಸಿಗೆ, ಹಾಲಿನ ಸೊಸೈಟಿಗೆ ಅವನ ನಂಬರೇ ಕೊಟ್ಟಿತ್ತು. ಈಗ ಕೂಸುಗಳ ಕೈಯಲ್ಲೂ ಫೋನಿದೆ. ಆದರೂ ಎಲ್ಲಿಗೆ ಹೋಗಲಿ, ಯಜಮಾನರ ನಂಬರ್ ಕೊಡಿ ಎಂದರೆ ಮುನಿಯಣ್ಣನ ನಂಬರು ಹೇಳುವ ಚಾಳಿ ಆ ಮನೆಯವರಿಗೆ ಹೋಗಲಿಲ್ಲ.

ದೀಪಶ್ರೀ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸದಲ್ಲಿದ್ದಳು. ಮೂವತ್ತು ದಾಟಿದ್ದರೂ ಮದುವೆ ಸದ್ಯಕ್ಕೆ ಬೇಡ ಎಂದಿದ್ದಳು. ಒಂದು ದಿನ ಸ್ನಾನ ಮಾಡುವಾಗ ಎದೆಯಲ್ಲಿ ಗಂಟು ಸಿಕ್ಕಿತು. ಅವಳು ಅಮ್ಮನಿಗೆ ತೋರಿಸಿದಾಗ ಕೃಷ್ಣಮ್ಮ ಮುಟ್ಟಿ ನೋಡಿದಳು. ಅತ್ತೆಯ ಎದೆಯನ್ನು ತೊಳೆದ ಕೈಗೆ ಅದು ಏನೆಂದು ಮೊದಲೇ ಗೊತ್ತಾಗಿಹೋಯಿತು. ಹೊಸೂರು ರಸ್ತೆಯ ಆಸ್ಪತ್ರೆಗೆ ಹೊರಟಾಗ, ಕರೆಯದಿದ್ದರೂ ಮುನಿಯಣ್ಣ ಕಾರು ತಂದು ನಿಲ್ಲಿಸಿದ.

"ನೀವ್ ಕೂತ್ಕಳಿ ಅತ್ತಿಗೆ, ಕೌಂಟರ್ ಕಡೆ ನಾನ್ ನೋಡ್ಕತೀನಿ," ಎಂದು ಅವನೇ ಮುಂದೆ ಹೋಗಿ ದೀಪಶ್ರೀಯ ಹೆಸರು ಬರೆಸಿದ. ನಂಬರು ತನ್ನದೇ ಕೊಟ್ಟ. ಆ ಹೊತ್ತಿನಲ್ಲಿ ಯಾರ ನಂಬರೆಂದು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಆಪರೇಷನ್ ಆಯಿತು. ಔಷಧಿ ಏರಿಸಿದರು, ಕೂದಲು ಉದುರಿತು, ಮತ್ತೆ ಚಿಗುರಿತು. ಇಷ್ಟು ಚಿಕ್ಕ ವಯಸ್ಸಿಗೆ ಬಂದದ್ದರಿಂದ ವಂಶವಾಹಿಯ ಪರೀಕ್ಷೆ ಮಾಡಿಸುವುದು ಒಳ್ಳೆಯದು ಎಂದು ಡಾಕ್ಟರು ಹೇಳಿದರು. ರಕ್ತವನ್ನು, ಕೌಂಟರಿನಲ್ಲಿ ಬರೆಸಿದ್ದ ಆ ನಂಬರಿನ ಸಮೇತ, ಬೊಮ್ಮನಹಳ್ಳಿಯ ಒಂದು ಲ್ಯಾಬಿಗೆ ಕಳಿಸಿದರು. ಫಲಿತಾಂಶ ಬಂದದ್ದು ದೀಪಶ್ರೀಗೂ ಅಲ್ಲ, ಡಾಕ್ಟರಿಗೂ ಅಲ್ಲ, ಮೊದಲು ಬಂದದ್ದು ಮುನಿಯಣ್ಣನ ವಾಟ್ಸಾಪಿಗೆ. ಅವನು ಅದನ್ನು ಯಾರಿಂದಲೋ ಓದಿಸಿ, ಇನ್ನೂರಕ್ಕೂ ಮಿಕ್ಕಿ ಜನರಿರುವ ಕುಟುಂಬದ ಗ್ರೂಪಿಗೆ ಹಾಕಿದ. ಕೆಳಗೆ ಬರೆದದ್ದು ಹೀಗೆ: ನಮ್ಮ ದೀಪಾಳಿಗೆ ಜೀನ್‌ನಲ್ಲೇ ಕ್ಯಾನ್ಸರ್ ಇದೆ ಎಂದು ರಿಪೋರ್ಟ್ ಬಂದಿದೆ, ಎಲ್ಲರೂ ಮುನೇಶ್ವರ ಸ್ವಾಮಿಯಲ್ಲಿ ಪ್ರಾರ್ಥಿಸಿ. ಜೊತೆಗೆ ಒಂದು ಸಾಲು ಕೈಮುಗಿದ ಚಿತ್ರ.

ದೀಪಶ್ರೀ ಆಫೀಸಿನಲ್ಲಿದ್ದಳು. ತನ್ನ ದೇಹದೊಳಗೆ ಏನಿದೆ ಎಂಬುದು ಅವಳಿಗೆ ತಿಳಿದದ್ದು ಚಿಕ್ಕಮ್ಮನ ತಂಗಿಯ ಗಂಡ ಕಳಿಸಿದ ಕೈಮುಗಿದ ಚಿತ್ರದಿಂದ.

ಆಮೇಲೆ ಸಾಂತ್ವನದವರ ದಂಡು. ಥೂ, ಅದನ್ನು ಬರೆಯುವುದಕ್ಕೂ ಅಸಹ್ಯ. ಬಂದ ಹೆಂಗಸರು ಮಾತಾಡುತ್ತಿದ್ದುದು ದೀಪಶ್ರೀಯ ಮುಖಕ್ಕಲ್ಲ, ಅವಳ ವೇಲಿಗೆ. ಒಂದು ಕಡೆ ಇದೆಯಾ, ಎರಡು ಕಡೆಯೂ ತೆಗೆದಿದ್ದಾರಾ ಎಂದು ಕಣ್ಣಲ್ಲೇ ಅಳೆಯುತ್ತಿದ್ದರು. ಒಬ್ಬಳು ನೇರವಾಗಿ ಕೇಳಿಯೇಬಿಟ್ಟಳು. ಇನ್ನೊಬ್ಬಳು ಕಾಫಿ ಲೋಟ ಕೆಳಗಿಟ್ಟು, ತಾಯಿಯಂತೆ ಮಗಳು ನೂಲಿನಂತೆ ಸೀರೆ, ಇದೆಲ್ಲ ತಾಯಿ ಕಡೆಯಿಂದ ಇಳಿಯೋದು ಅಲ್ವಾ ಕೃಷ್ಣಮ್ಮ ಎಂದಳು. ಕೃಷ್ಣಮ್ಮನ ತಾಯಿ ಹೋದದ್ದು ಹೊಟ್ಟೆನೋವಿನಿಂದ. ಆ ಹೊಟ್ಟೆನೋವು ಸಂಜೆಯ ಹೊತ್ತಿಗೆ ಊರ ಬಾಯಲ್ಲಿ ಕ್ಯಾನ್ಸರ್ ಆಗಿತ್ತು.

ಕೃಷ್ಣಮ್ಮ ಮೈದುನನ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಕೇಳಿದಳು. "ಯಾಕಪ್ಪಾ ಇಂಗ್ ಮಾಡ್ದೆ?"

"ಒಳ್ಳೇದ್ಕೇ ಆಕಿದ್ದು ಅತ್ತಿಗೆ. ನಾಕ್ ಜನ ದೇವ್ರಿಗೆ ಕೈ ಮುಗೀಲಿ ಅಂತ," ಅಂದ ಮುನಿಯಣ್ಣ. ಅವನ ಮುಖದಲ್ಲಿ ಸುಳ್ಳಿರಲಿಲ್ಲ. ನಿಜವಾಗಿಯೂ ಒಳ್ಳೆಯದು ಮಾಡಿದೆನೆಂದು ನಂಬಿದ್ದ. ಕೃಷ್ಣಮ್ಮನಿಗೆ ಹೆಚ್ಚು ಹೇಸಿಗೆಯಾದದ್ದು ಅದಕ್ಕೇ.

ದೀಪಶ್ರೀಯ ಗೆಳತಿ ತನ್ಮಯಿ ಆನೇಕಲ್ ಕೋರ್ಟಿನಲ್ಲಿ ವಕೀಲೆ. ಅವಳ ಜೊತೆ ತಾಯಿ ಮಗಳು ಬೊಮ್ಮನಹಳ್ಳಿಯ ಆ ಲ್ಯಾಬಿಗೆ ಹೋದರು. ತಣ್ಣನೆಯ ಕೋಣೆ, ಗಾಜಿನ ಮೇಜು, ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡ ಮ್ಯಾನೇಜರು. ಬಹಳ ವಿನಯದ ಮನುಷ್ಯ.

"ರಿಜಿಸ್ಟರ್ಡ್ ನಂಬರಿಗೆ ಕಳಿಸಿದೀವಿ ಮೇಡಂ. ಸಿಸ್ಟಮ್ ಆಟೋಮ್ಯಾಟಿಕ್ ಆಗಿ ಕಳ್ಸುತ್ತೆ. ನಮ್ಮ ಕೈಯಲ್ಲಿ ಏನೂ ಇಲ್ಲ."

"ಪೇಷಂಟ್ ಹೆಣ್ಣು, ನಂಬರ್ ಗಂಡಸಿನ ಹೆಸರಲ್ಲಿದೆ. ಇವರನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?" ಎಂದಳು ತನ್ಮಯಿ.

"ಫ್ಯಾಮಿಲಿ ತಾನೇ ಮೇಡಂ," ಅಂದ ಅವನು. "ಫ್ಯಾಮಿಲಿ ಹತ್ರ ಮುಚ್ಚಿಡೋದೇನಿರುತ್ತೆ."

ಕೃಷ್ಣಮ್ಮ ಅವನ ಮುಖ ನೋಡಿದಳು. ಇಷ್ಟು ಓದಿ, ಇಷ್ಟು ತಂಪಿನಲ್ಲಿ ಕೂತು, ರಕ್ತದೊಳಗಿನ ಅಕ್ಷರ ಓದುವ ಯಂತ್ರ ಇಟ್ಟುಕೊಂಡವನ ಬಾಯಲ್ಲೂ ಆ ಕ್ಷೌರದಂಗಡಿಯ ಬೆಂಚೇ ಮಾತಾಡುತ್ತಿತ್ತು.

ತನ್ಮಯಿ ನೋಟಿಸ್ ಕಳಿಸಿದ ಮೇಲೆ ಲ್ಯಾಬಿನವರು ಮೆತ್ತಗಾದರು. ಮುನಿಯಣ್ಣನ ನಂಬರು ತೆಗೆದರು, ವಿಷಾದದ ಪತ್ರ ಕಳಿಸಿದರು. ಆದರೆ ಗ್ರೂಪಿನಲ್ಲಿ ಬಿದ್ದದ್ದು ಬಿದ್ದೇ ಇತ್ತು. ಅದಕ್ಕೇನು ಮಾಡುವುದು ಎಂದು ಕೃಷ್ಣಮ್ಮ ತನ್ಮಯಿಯನ್ನು ಕೇಳಿದಳು.

"ನೋಡಿ ಆಂಟಿ, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಜನರ ಮಾಹಿತಿ ಕಾಪಾಡೋಕೆ ಕಾನೂನೂ ಬಂದಿದೆ, ಹಂತ ಹಂತವಾಗಿ ಜಾರಿ ಮಾಡ್ತಿದಾರೆ. ಜೀನ್ ವಿಷಯಕ್ಕೇ ಅಂತ ಬೇರೆ ಕಾನೂನಿಲ್ಲ, ಆದ್ರೂ ಲ್ಯಾಬನ್ನ ಹಿಡೀಬಹುದು. ಆದ್ರೆ ಮನೆಮಟ್ಟಿಗೆ, ಸ್ವಂತಕ್ಕೆ ಅಂತ ಒಬ್ಬ ಮನುಷ್ಯ ಏನಾದ್ರೂ ಹಂಚ್ಕೊಂಡ್ರೆ ಆ ಕಾನೂನು ಅವನಿಗೆ ಅನ್ವಯಿಸಲ್ಲ. ಮನೆತನದ ಗ್ರೂಪು, ಮನೆಯ ವಿಷಯ ಅಂತ ವಾದ ಮಾಡ್ತಾರೆ. ಬೇರೆ ಸೆಕ್ಷನ್ ಹುಡುಕಿ ಕೇಸ್ ಹಾಕ್ಬಹುದು. ಹಾಕಿದ್ರೆ ಕೋರ್ಟಲ್ಲಿ ಮತ್ತೆ ಅದೇ ರಿಪೋರ್ಟ್ ಎಲ್ಲರ ಮುಂದೆ ಓದ್ಬೇಕಾಗುತ್ತೆ."

"ಅಂದ್ರೆ ಬೀದೀಲಿ ಕದ್ದೋನ್ನ ಇಡೀತೀರಿ, ಮನೆ ಒಳಗೆ ಕದ್ದೋನ್ನ ಇಡಿಯಲ್ಲ," ಅಂದಳು ಕೃಷ್ಣಮ್ಮ.



ಈ ದೋಷ ಯಾವ ಕಡೆಯಿಂದ ಬಂದದ್ದೆಂದು ತಿಳಿದರೆ ಆ ಕಡೆಯವರು ಎಚ್ಚರವಾಗಿರಬಹುದು ಎಂದು ಡಾಕ್ಟರು ಹೇಳಿದ್ದರಿಂದ ತಂದೆ ತಾಯಿ ಇಬ್ಬರೂ ರಕ್ತ ಕೊಟ್ಟರು. ಈ ಸಲ ಉತ್ತರವನ್ನು ಡಾಕ್ಟರು ಬಾಗಿಲು ಹಾಕಿಕೊಂಡು ಬಾಯಲ್ಲೇ ಹೇಳಿದರು. ಕೃಷ್ಣಮ್ಮನಲ್ಲಿ ಏನೂ ಇಲ್ಲ. ಇದ್ದದ್ದು ವೆಂಕಟೇಶಪ್ಪನಲ್ಲಿ. ಗಂಡಸರಲ್ಲಿ ಅದು ಸದ್ದಿಲ್ಲದೆ ಕೂತಿರಬಹುದು, ಆದರೆ ಮಕ್ಕಳಿಗೆ ಇಳಿಯಬಹುದು. ಇವರ ಒಡಹುಟ್ಟಿದವರಲ್ಲೂ ಇರಬಹುದು, ಅವರ ಮಕ್ಕಳಲ್ಲೂ ಇರಬಹುದು, ಇಲ್ಲದೆಯೂ ಇರಬಹುದು, ಪರೀಕ್ಷೆ ಮಾಡದೆ ಹೇಳಲಾಗದು. ಅವರಿಗೆ ತಿಳಿಸುವುದು ನಿಮಗೆ ಬಿಟ್ಟದ್ದು, ನಾನಾಗಿ ಹೇಳುವಂತಿಲ್ಲ ಎಂದರು ಡಾಕ್ಟರು.

ಮನೆಗೆ ಬಂದ ವೆಂಕಟೇಶಪ್ಪ ಹಸುವಿನ ಮುಂದೆ ಹುಲ್ಲು ಹಾಕುತ್ತಾ, "ಅವ್ವ ಜ್ವರದಾಗೆ ಓದ್ಲಲ್ವಾ?" ಎಂದು ಕೇಳಿದ. ಕೃಷ್ಣಮ್ಮ ಇಲ್ಲ ಎಂದು ಹೇಳಿದಳು. ಅಷ್ಟು ವರ್ಷದ ಆಣೆ ಅಲ್ಲಿ ಗಂಡನ ಮುಂದೆ ಮುರಿಯಿತು. ಅವನು ಎಲ್ಲ ಕೇಳಿಸಿಕೊಂಡು, ಕೈ ಒರೆಸಿಕೊಂಡು, "ನೀನೇ ಏನಾರ ಮಾಡು," ಎಂದು ಪೇಟೆಗೆ ಹೊರಟುಹೋದ. ಆ ಮನೆಯ ಗಂಡಸರು ಕಷ್ಟದ ಹೊತ್ತಿನಲ್ಲಿ ಯಾವಾಗಲೂ ಬಾಗಿಲ ಆಚೆಯೇ ನಿಂತವರು.

ಈಗ ಕೃಷ್ಣಮ್ಮನ ನಾಲಿಗೆಯ ಮೇಲೆ ಒಂದು ಮಾತಿತ್ತು. ಅದನ್ನು ಗ್ರೂಪಿಗೆ ಹಾಕಿದ್ದರೆ ಊರ ಬಾಯಿ ಕ್ಷಣದಲ್ಲಿ ಮೈದುನನ ಮನೆ ಕಡೆ ತಿರುಗುತ್ತಿತ್ತು. ಹಾಲು ಹಿಂಡುವಾಗ, ಸಾರು ಕುದಿಯುವಾಗ ಆ ಮಾತನ್ನು ಅವಳು ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿಕೊಂಡು ನೋಡಿದಳು. ಸಿಹಿಯಾಗಿತ್ತು. ಸಿಹಿಯಾಗಿದೆ ಅನ್ನಿಸಿದ ಕೂಡಲೇ ತನ್ನ ಬಾಯಿಯ ಮೇಲೇ ಅವಳಿಗೆ ಅಸಹ್ಯ ಹುಟ್ಟಿತು. ಆ ಮನೆಯಲ್ಲಿ ಮುನಿಯಣ್ಣನ ಜೊತೆ ಅವನ ಮಗಳು ಲಾವಣ್ಯಳೂ ಇದ್ದಾಳೆ ಎಂಬುದು ಅವಳಿಗೆ ಮರೆತಿರಲಿಲ್ಲ.

ಲಾವಣ್ಯಳಿಗೆ ಅತ್ತಿಬೆಲೆ ಕಡೆಯ ಒಂದು ಸಂಬಂಧ ಕೂಡಿತ್ತು. ಹುಡುಗ ಹುಡುಗಿ ಇಬ್ಬರೂ ಒಪ್ಪಿಕೊಂಡು, ಫೋನಿನಲ್ಲಿ ಮಾತಾಡುವ ಹಂತಕ್ಕೆ ಬಂದಿದ್ದರು. ಆಗ ಗಂಡಿನ ಕಡೆಯವರ ಕಿವಿಗೆ ದೀಪಶ್ರೀಯ ಸುದ್ದಿ ಬಿತ್ತು. ಹಾಕಿದವನು ಯಾರು? ಮುನಿಯಣ್ಣ. ಅವನು ಗ್ರೂಪಿಗೆ ಉಗುಳಿದ್ದು ಊರೂರು ಸುತ್ತಿ ಅವನ ಅಂಗಳಕ್ಕೇ ಬಂದು ಬಿದ್ದಿತ್ತು. ಅಣ್ಣನ ಮಗಳಿಗೆ ಹೀಗಾಗಿದೆಯಂತೆ, ನಿಮ್ಮ ವಂಶದಲ್ಲಿದೆಯಾ ಎಂದು ಅವರು ಕೇಳಿದರು.

ಮುನಿಯಣ್ಣ ಅತ್ತಿಗೆಯ ಮನೆಗೆ ಬಂದು ಕೂತ. ಅಂಗಿಯ ಇಸ್ತ್ರಿ ಹಾಳಾಗಿತ್ತು.

"ಅತ್ತಿಗೆ, ಅವ್ರು ನಾಳಿದ್ದು ಬತ್ತಾರೆ. ನಿಮ್ ಬಾಯಿಂದ್ಲೇ ಕೇಳ್ಬೇಕಂತೆ. ಇದು ನಿಮ್ ತವ್ರ್ ಕಡೆಯಿಂದ ಬಂದಿದ್ದು ಅಂತ ಒಂದ್ ಮಾತ್ ಅಂದ್ಬುಡಿ. ನಿಮ್ಮವ್ವ ಓಗಿ ಎಷ್ಟೋ ಕಾಲ ಆಯ್ತು. ಸತ್ತೋರಿಗೇನು ಮದ್ವೆ ನಿಲ್ಲುತ್ತಾ?"

ಹೀಗೆ ಕೇಳಲು ಎಂಥ ಬಾಯಿ ಬೇಕು. ಹೆತ್ತ ತಾಯಿಯನ್ನು ಮೈಲಿಗೆ ಮಾಡು ಎಂದು ಮಗಳನ್ನು ಕೇಳುತ್ತಿದ್ದಾನೆ, ಅದೂ ತನ್ನ ಮಗಳ ಮದುವೆಗೆ. ಇವನಿಗೆ ಹೆಣ್ಣು ಸಿಗಲಿ ಎಂದು ಒಬ್ಬಳು ಕೊಳೆತು ಸತ್ತದ್ದು ಇವನಿಗೆ ಗೊತ್ತಿಲ್ಲ. ಕೃಷ್ಣಮ್ಮ ನೋಡಾಣ ಎಂದಷ್ಟೇ ಹೇಳಿ ಕಳಿಸಿದಳು.

ಮಾರನೆಯ ದಿನ ಅವಳು ಲಾವಣ್ಯಳನ್ನು ಒಬ್ಬಳನ್ನೇ ಹಿತ್ತಿಲಿಗೆ ಕರೆದು ಎಲ್ಲವನ್ನೂ ಹೇಳಿದಳು. ರುದ್ರಮ್ಮನ ಹುಣ್ಣು, ವೆಂಕಟೇಶಪ್ಪನ ರಕ್ತ, ಡಾಕ್ಟರ ಮಾತು, ಯಾವುದನ್ನೂ ಬಿಡಲಿಲ್ಲ. ಲಾವಣ್ಯ ಮೇವಿನ ಕಲ್ಲಿನ ಮೇಲೆ ಕೂತು ಅತ್ತಳು. ಆಮೇಲೆ ಮುಖ ಒರೆಸಿಕೊಂಡಳು.

"ನಾನು ಟೆಸ್ಟ್ ಮಾಡಿಸ್ಕೋತೀನಿ ದೊಡ್ಡಮ್ಮ. ಏನೇ ಬರ್ಲಿ, ಅವರಿಗೆ ನಾನೇ ಹೇಳ್ತೀನಿ, ಸುಳ್ಳು ಹೇಳಿ ಮದ್ವೆ ಆಗಲ್ಲ. ಆದ್ರೆ ಹೇಳೋಳು ನಾನಾಗಿರ್ಬೇಕು. ಅವರ ಸೋದರಮಾವ, ಅತ್ತೆ, ಊರವ್ರು ಎಲ್ಲ ಕೂತ್ಕೊಂಡು ನನ್ನ ಮೈ ಬಗ್ಗೆ ಮಾತಾಡೋದು ಬೇಡ. ದೀಪಕ್ಕನಿಗೆ ಆದಂಗೆ ನನಗೆ ಆಗ್ಬಾರ್ದು. ನಾಳೆ ಒಂದಿನ ಅಪ್ಪ ಹೇಳಿದಂಗೆ ಹೇಳ್ಬಿಡಿ. ಪ್ಲೀಸ್ ದೊಡ್ಡಮ್ಮ."

"ಏನೂ ಏಳಲ್ಲ ಅಂತ ಸುಮ್ನಿದ್ರೆ?"

"ಸುಮ್ನಿದ್ರೆ ನಮ್ಮ ಕಡೆದೇ ಅಂತ ಅರ್ಥ ಮಾಡ್ಕೋತಾರೆ."

ಅದು ನಿಜ. ಆ ಬೆಂಚಿನ ಮೇಲೆ ಸುಮ್ಮನಿರುವುದಕ್ಕೂ ಒಂದು ಅರ್ಥ ಕಟ್ಟುತ್ತಾರೆ. ಹೇಳದೆ ಇರುವ ಹಕ್ಕು ಪುಸ್ತಕದಲ್ಲಿದೆ, ಊರಲ್ಲಿಲ್ಲ. ಕೃಷ್ಣಮ್ಮ ರಾತ್ರಿಯೆಲ್ಲ ಯೋಚಿಸಿ ತಾಯಿಯ ಹತ್ತಿರ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡಳು. ಸತ್ತವಳ ಹೆಸರಿಗೆ ಸ್ವಲ್ಪ ಕೊಳೆ ಮೆತ್ತಿದರೆ ಬದುಕಿರುವ ಒಂದು ಹುಡುಗಿಯ ಮಾನ ಉಳಿಯುತ್ತದೆ ಎಂದು ಲೆಕ್ಕ ಹಾಕಿದಳು. ತವರು ಅಂದಾಗ ಅವಳಿಗೆ ನೆನಪಾದದ್ದು ತಾಯಿ ಮಾತ್ರ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಅಷ್ಟು ವರ್ಷ ನಂಬಿ ಬಾಳಿದವಳಿಗೆ, ಆ ಕುಲದಲ್ಲಿ ಇನ್ನೂ ಜನ ಇದ್ದಾರೆಂಬುದು ಆ ರಾತ್ರಿ ಹೊಳೆಯಲಿಲ್ಲ.

ಅವರು ಮುನಿಯಣ್ಣನ ಮನೆಗೆ ಬಂದರು. ಹುಡುಗನ ಸೋದರಮಾವ, ದಪ್ಪ ಮೀಸೆಯ ಮನುಷ್ಯ, ಜೊತೆಗೆ ಇಬ್ಬರು ಹೆಂಗಸರು. ಮುನಿಯಣ್ಣ ತನ್ನ ಫೋನನ್ನು ಟೀಪಾಯಿಯ ಮೇಲೆ ತಟ್ಟೆಗೆ ಒರಗಿಸಿಟ್ಟು ಕೂತ. ಉಪ್ಪಿಟ್ಟು ತಿಂದು, ಮಳೆ ಬೆಳೆ ವಿಚಾರಿಸಿ, ಜಾಗದ ರೇಟು ಮಾತಾಡಿ, ಕೊನೆಗೆ ಸೋದರಮಾವ ಬಾಯಿ ಒರೆಸಿಕೊಂಡು ವಿಷಯಕ್ಕೆ ಬಂದ.

"ತಪ್ ತಿಳ್ಕೋಬ್ಯಾಡಿ ಅಕ್ಕ. ನಾಳೆ ಮಕ್ಳು ಮರಿ ಆಗೋ ಇಚಾರ. ಆ ಕಾಯ್ಲೆ ಯಾರ್ ಕಡೇದು?"

ಹೆಂಗಸರಿಬ್ಬರೂ ಮುಂದಕ್ಕೆ ಬಾಗಿದರು. ಒಬ್ಬಳ ಬಾಯಲ್ಲಿ ಉಪ್ಪಿಟ್ಟು ಇನ್ನೂ ಇತ್ತು, ಅದನ್ನು ನುಂಗುವುದನ್ನೂ ಅವಳು ಮರೆತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಲಾವಣ್ಯ ನಿಂತಿದ್ದಳು.

"ನಮ್ ಕಡೇದು," ಅಂದಳು ಕೃಷ್ಣಮ್ಮ. "ನಮ್ಮವ್ವಂಗೂ ಅದೇ ಇತ್ತು. ಈ ಮನೆ ರಕ್ತದಲ್ಲಿ ಏನೂ ಇಲ್ಲ."

ಕೋಣೆಯಲ್ಲಿ ಎಲ್ಲರಿಗೂ ಒಮ್ಮೆಲೇ ಉಸಿರು ಬಂತು. ಸೋದರಮಾವ ಇನ್ನೊಂದು ತಟ್ಟೆ ಉಪ್ಪಿಟ್ಟು ಹಾಕಿಸಿಕೊಂಡ. ಪಾಪ, ನಿಮ್ಮಂಥೋರು ಬಾಯ್ಬಿಟ್ಟು ಒಪ್ಕೊಳ್ಳೋದೇ ದೊಡ್ಡದು ಎಂದು ಹೆಂಗಸರಲ್ಲೊಬ್ಬಳು ಅವಳ ಕೈ ತಟ್ಟಿದಳು. ಅವರು ಹೋದ ಮೇಲೆ ಕೃಷ್ಣಮ್ಮ ಬಚ್ಚಲಿಗೆ ಹೋಗಿ, ಅವಳು ತಟ್ಟಿದ ಆ ಕೈಯನ್ನು ಸೋಪು ಹಚ್ಚಿ ಉಜ್ಜಿ ಉಜ್ಜಿ ತೊಳೆದಳು.

ಸಂಜೆಯ ಹೊತ್ತಿಗೆ ಗ್ರೂಪಿನಲ್ಲಿ ಒಂದು ವೀಡಿಯೋ ಬಂತು. ಮುನಿಯಣ್ಣ ಟೀಪಾಯಿಯ ಮೇಲಿಟ್ಟ ಫೋನು ಎಲ್ಲವನ್ನೂ ಹಿಡಿದಿತ್ತು. ಕೃಷ್ಣಮ್ಮನ ಮುಖ, ಕೃಷ್ಣಮ್ಮನ ದನಿ, ನಮ್ ಕಡೇದು ಎಂಬ ಮಾತು. ಮೇಲೆ ಅವನು ಬರೆದಿದ್ದ: ಎಲ್ಲರ ಗಮನಕ್ಕೆ, ನಮ್ಮ ವಂಶಕ್ಕೆ ಯಾವ ದೋಷವೂ ಇಲ್ಲ ಎಂದು ಅತ್ತಿಗೆಯವರೇ ಸ್ಪಷ್ಟಪಡಿಸಿದ್ದಾರೆ. ದೀಪಶ್ರೀ ಅದನ್ನು ತಾಯಿಗೆ ತೋರಿಸಿ, "ಈಗ ಇದಕ್ಕೂ ತನ್ಮಯೀನ ಕೇಳ್ಲಾ?" ಅಂದಳು. ಏನಂತ ಕೇಳುತ್ತೀಯ, ನಾನೇ ಹೇಳಿದ್ದಲ್ಲವಾ ಎಂದಳು ಕೃಷ್ಣಮ್ಮ. ದೀಪಶ್ರೀ ಕೋಪದಿಂದ ಫೋನನ್ನು ಮಂಚದ ಮೇಲೆ ಎಸೆದಳು.

ಲಾವಣ್ಯಳ ಸಂಬಂಧ ಗಟ್ಟಿಯಾಯಿತು. ಅವಳು ಪರೀಕ್ಷೆಗೆ ರಕ್ತ ಕೊಟ್ಟು ಬಂದು, ಉತ್ತರಕ್ಕೆ ಕಾಯುತ್ತಿದ್ದಳು. ಆ ದಿನಗಳಲ್ಲೇ ಒಂದು ಮಧ್ಯಾಹ್ನ ಈಶಪ್ಪನ ಫೋನು ಬಂತು. ಅವನು ಅಕ್ಕನಿಗೆ ಎಂದೂ ದನಿ ಏರಿಸಿದವನಲ್ಲ. ಅಂದೂ ಏರಿಸಲಿಲ್ಲ.

"ಅಕ್ಕಾ, ಮಂಜುಶ್ರೀನ ನೋಡಕ್ ಬತ್ತೀವಿ ಅಂದಿದ್ದೋರು ಬ್ಯಾಡ ಅಂದ್ಬುಟ್ರು. ನಿನ್ ವೀಡಿಯೋ ತೋರ್ಸಿದ್ರು ನಂಗೆ. ಅವ್ವಂಗೆ ಎದೆ ಕ್ಯಾನ್ಸರ್ ಇತ್ತಾ? ನನ್ ಕೈಯಾಗೆ ಪ್ರಾಣ ಬಿಟ್ಲಲ್ಲಕ್ಕಾ, ನಂಗೆ ಗೊತ್ತಿಲ್ಲದ್ದು ನಿಂಗೆಂಗೆ ಗೊತ್ತಾಯ್ತು?"

 ತಾಯಿ ಸತ್ತವಳು, ಅವಳಿಗೆ ಏನೂ ಆಗುವುದಿಲ್ಲ ಎಂದು ಕೃಷ್ಣಮ್ಮ ಅಂದುಕೊಂಡಿದ್ದಳು. ತಾಯಿಯ ಹೆಸರಿಗೆ ಮೆತ್ತಿದ್ದು ಕೆಳಕ್ಕೆ ಇಳಿದು ಯಾರ ಮೇಲೆ ಬೀಳುತ್ತದೆಂದು ನೋಡಿರಲಿಲ್ಲ. ಮೈದುನನದು ಹೊಲಸು ಬಾಯಿ ಎಂದು ಹೇಸಿದ್ದವಳ ಬಾಯಿಂದಲೇ ಒಂದು ಹುಡುಗಿಯ ಮೇಲೆ ಇಲ್ಲದ ರೋಗ ಬಿದ್ದಿತ್ತು. 

"ಇಲ್ಲ ಕಣೋ ಈಶಾ. ಅವ್ವಂಗೆ ಅದಿರ್ಲಿಲ್ಲ."

"ಮತ್ಯಾಕಕ್ಕಾ ಅಂಗಂದೆ?"

 ಆ ಕಡೆ ಫೋನು ಕೈ ಬದಲಾಯಿತು. ಈಗ ಮಂಜುಶ್ರೀಯ ದನಿ. ಅತ್ತು ಅತ್ತು ಮೂಗು ಕಟ್ಟಿತ್ತು.

"ಅತ್ತೆ, ಬೇರೆ ಯಾರಿಗೂ ಹೇಳಲ್ಲ, ನನಗೊಬ್ಬಳಿಗೆ ನಿಜ ಹೇಳಿ. ನಿದ್ದೆನೇ ಬರ್ತಿಲ್ಲ. ಎದೆ ಮುಟ್ಟಿ ಮುಟ್ಟಿ ನೋಡ್ಕೋತಿದೀನಿ. ನನ್ನಲ್ಲೂ ಅದಿದೆಯಾ?"

"ಇಲ್ಲ ಕಣವ್ವಾ. ನಿನ್ನಲ್ಲಿಲ್ಲ. ನಿಂಗೇನೂ ಆಗಲ್ಲ."

"ಹೆಂಗೆ ಗೊತ್ತು ಅತ್ತೆ?"

ಗೊತ್ತಿದ್ದದ್ದನ್ನು, ಅದು ಗಂಡನ ಮನೆಯ ರಕ್ತದಲ್ಲಿದ್ದದ್ದು ಎಂಬುದನ್ನು, ಹೇಳಬೇಕಾದರೆ ಲಾವಣ್ಯಳ ಹೆಸರು ದಾಟಿಯೇ ಹೋಗಬೇಕಿತ್ತು. ಆ ಹುಡುಗಿಯ ಉತ್ತರ ಇನ್ನೂ ಅವಳ ಕೈಗೇ ಬಂದಿರಲಿಲ್ಲ. ಮಂಜುಶ್ರೀ ಇನ್ನೊಂದು ಸಲ, ಈ ಸಲ ಸ್ವಲ್ಪ ಮೆಲ್ಲಗೆ, ಅದನ್ನೇ ಕೇಳಿದಳು. ಕೃಷ್ಣಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು, ಆ ಮಗು ಅಳುವುದನ್ನು ಕೇಳುತ್ತಾ ಕೂತಳು.